ನೆರಳು ನೋಡಿ ನಿಲ್ಲುವ ಗಾಡಿ

ಬೆಳಗಿನ ಐದೂಕಾಲು ಗಂಟೆ. ಚಾಮರಾಜಪೇಟೆಯ ಅಡ್ಡರಸ್ತೆಯೊಂದರಲ್ಲಿ, ಹಿಂದೆ ಯಾರೋ ಕಾರು ನಿಲ್ಲಿಸುತ್ತಿದ್ದ ಕೋಣೆಯೊಳಗೆ ಎರಡು ಗ್ರೈಂಡರ್‌ಗಳು ಗುಡುಗುಡು ಎನ್ನುತ್ತಿವೆ. ಪ್ರೇಮಲತಾ ಮೊಣಕೈವರೆಗೂ ಉದ್ದಿನ ಹಿಟ್ಟು ಮೆತ್ತಿಕೊಂಡು ನಿಂತಿದ್ದಾರೆ. ಬೆರಳ ತುದಿಯಿಂದ ಒಂದು ಹನಿ ಹಿಟ್ಟನ್ನು ನೀರಿನ ಲೋಟಕ್ಕೆ ಬಿಡುತ್ತಾರೆ. ಹನಿ ಮುಳುಗುವುದಿಲ್ಲ, ತೇಲುತ್ತದೆ. "ಆಯ್ತು ರೀ, ಆಫ್ ಮಾಡಿ," ಎಂದು ಗಂಡನಿಗೆ ಹೇಳಿ ನನ್ನ ಕಡೆ ತಿರುಗುತ್ತಾರೆ. "ಪೇಪರ್‌ನೋರು ಇಷ್ಟು ಬೇಗ ಏಳ್ತೀರಾ ಅಂತ ಅಂದ್ಕೊಂಡಿರ್ಲಿಲ್ಲ ಸಾರ್. ಒಳಗ್ ಬನ್ನಿ, ಕಾಲು ಜಾರೀತು, ಹುಷಾರು."

ನಿಜ ಹೇಳಬೇಕೆಂದರೆ ಪೇಪರಿನವರು ಇಷ್ಟು ಬೇಗ ಏಳುವುದಿಲ್ಲ. ಏಳುವಂತೆ ಮಾಡಿದ್ದು ಒಂದು ಇಡ್ಲಿ. ಮಲ್ಲೇಶ್ವರದ ಸಂಪಿಗೆ ರಸ್ತೆಯಿಂದ ಒಳಕ್ಕೆ ತಿರುಗಿದರೆ ಸಿಗುವ ಶೀನಣ್ಣನ ಪುಟ್ಟ ಹೋಟೆಲಿನಲ್ಲಿ ನಾನು ಹನ್ನೊಂದು ವರ್ಷದಿಂದ ಸಂಜೆಯ ತಿಂಡಿ ತಿನ್ನುತ್ತಿದ್ದೇನೆ. ಕೂರಲು ಜಾಗವಿಲ್ಲ, ನಿಂತೇ ತಿನ್ನಬೇಕು. ಮಾರ್ಚ್ ಕೊನೆಯಲ್ಲಿ ಒಂದು ದಿನ ಹೋದರೆ ಇಡ್ಲಿ ಇಲ್ಲ. ಯಾಕೆ ಎಂದು ಕೇಳಿದೆ. "ಹಿಟ್ಟು ಹುಳಿ ಬಂದಿದೆ ಸ್ವಾಮಿ. ತರೋ ಹೆಣ್ಣುಮಗಳು ಈ ಬಿಸಿಲಲ್ಲಿ ಬೈಕಲ್ಲಿ ಬರ್ಬೇಕಲ್ಲ," ಎಂದರು ಶೀನಣ್ಣ. ಹನ್ನೊಂದು ವರ್ಷ ಚಟ್ನಿ ಸಾಕಾಗಲಿಲ್ಲ ಎಂದು ಜಗಳವಾಡಿದ್ದೇನೆಯೇ ಹೊರತು ಹಿಟ್ಟು ಎಲ್ಲಿಂದ ಬರುತ್ತದೆ ಎಂದು ಒಂದು ದಿನವೂ ಯೋಚಿಸಿರಲಿಲ್ಲ. ನಾಚಿಕೆಯಾಯಿತು.

ಎಲೆಮರೆಯ ಕಾಯಿಗಳ ಬಗ್ಗೆ ಬರೆಯುವ ಪುಟ ನಮ್ಮದು ಎಂದು ಪ್ರೇಮಲತಾ ಅವರಿಗೆ ವಿವರಿಸಿದರೆ ನಕ್ಕುಬಿಡುತ್ತಾರೆ. "ಎಲೆಮರೆ ಎಲ್ಲಿದೆ ಸಾರ್? ಎಲೆ ಇದ್ದಿದ್ರೆ ನೆರಳಾದ್ರೂ ಇರ್ತಿತ್ತು."

ನಲವತ್ತಾರು ವರ್ಷದ ಈ ಹೆಂಗಸಿನ ದಿನ ಎರಡು ಭಾಗ. ಬೆಳಗ್ಗೆ ರುಬ್ಬಿದ್ದು ಬಸವನಗುಡಿಯ ಮೂವತ್ತೆರಡು ಮನೆಗಳಿಗೆ. ಇದು ಹಸಿ ಹಿಟ್ಟು. ಮನೆಯವರೇ ಇಟ್ಟು ಹುದುಗು ಬರಿಸಿಕೊಳ್ಳುತ್ತಾರೆ. ಆರು ಗಂಟೆಗೆ ಬೈಕು ಹೊರಟರೆ ಎಂಟರೊಳಗೆ ಕ್ಯಾನು ಖಾಲಿ. ಗೇಟಿನ ಪಕ್ಕ, ಕಾಂಪೌಂಡಿನ ಮೇಲೆ, ತುಳಸಿಕಟ್ಟೆಯ ಬಳಿ ಪಾತ್ರೆಗಳು ಕಾಯುತ್ತಿರುತ್ತವೆ. ಚೂಡಾಮಣಿ ಎಂಬ ನಿವೃತ್ತ ಟೀಚರ್ ಮಾತ್ರ ತಾವೇ ಕಾಯುತ್ತಿರುತ್ತಾರೆ, ಕೈಯಲ್ಲಿ ಉಪ್ಪು, ಇಂಗು ಹಾಕಿದ ಮಜ್ಜಿಗೆಯ ಬಾಟಲಿ ಹಿಡಿದು. "ಮಧ್ಯಾಹ್ನ ಕುಡಿ, ಮರೀಬೇಡ. ಹೋದ್ವಾರ ಹಾಗೇ ವಾಪಸ್ ತಂದಿದ್ದೆ ನೀನು," ಎಂದು ಗದರುತ್ತಾರೆ. ಗದರಿಕೆ ಮುಗಿಯುವಷ್ಟರಲ್ಲಿ ಬೈಕು ಪಕ್ಕದ ಗೇಟಿಗೆ ಹೋಗಿರುತ್ತದೆ.

ಕಷ್ಟ ಇರುವುದು ದಿನದ ಎರಡನೆಯ ಭಾಗದಲ್ಲಿ. ಎಂಟು ಗಂಟೆಗೆ ಮತ್ತೆ ರುಬ್ಬುತ್ತಾರೆ, ಶೀನಣ್ಣನಿಗೆ. ಅವರ ಹೋಟೆಲಿನ ಮೇಲಿನ ಮನೆಯವರಿಗೆ ಗ್ರೈಂಡರಿನ ಸದ್ದು ಆಗದು, ಹಾಗಾಗಿ ಅಲ್ಲಿ ರುಬ್ಬುವಂತಿಲ್ಲ. ಮಧ್ಯಾಹ್ನದ ಊಟ ಮುಗಿಯುವವರೆಗೆ ಅಡುಗೆಮನೆಯಲ್ಲಿ ಕ್ಯಾನಿಡಲು ಜಾಗವಿಲ್ಲ. ಫ್ರಿಜ್ಜಿನಲ್ಲಿ ಇಟ್ಟ ಹಿಟ್ಟಿಗೆ ಇಡ್ಲಿ ಹಗುರ ಬರುವುದಿಲ್ಲ ಎಂಬುದು ಶೀನಣ್ಣನ ಹಟ. ಎರಡೂವರೆಗೆ ಸರಿಯಾಗಿ, ಹದವಾಗಿ ಹುದುಗು ಬಂದ ಹಿಟ್ಟು ಬಾಗಿಲಿಗೆ ಬರಬೇಕು. ನಾಲ್ಕಕ್ಕೆ ಇಡ್ಲಿ ತಟ್ಟೆ ಒಲೆಗೇರಬೇಕು. ಅಂದರೆ ಇಡೀ ಊರು ಪರದೆ ಎಳೆದುಕೊಂಡು ಮಲಗುವ ಹೊತ್ತಿಗೆ ಪ್ರೇಮಲತಾ ಚಾಮರಾಜಪೇಟೆಯಿಂದ ಮಲ್ಲೇಶ್ವರದ ದಾರಿಯಲ್ಲಿರಬೇಕು.

"ಸ್ಪೀಡಾಗಿ ಹೋಗ್ಬಿಡಬಹುದಲ್ಲ?" ಎಂದು ನಾನು ಬುದ್ಧಿವಂತನಂತೆ ಕೇಳುತ್ತೇನೆ.

"ಹೋಗ್ಬೋದು ಸಾರ್. ಉಬ್ಬಿರೋ ಹಿಟ್ಟು ಕುಲುಕಿದ್ರೆ ಕೂತ್ಬಿಡತ್ತೆ. ಆ ಇಡ್ಲಿನ ನಾಯಿಗೆ ಹೊಡೆದ್ರೆ ನಾಯಿ ಸಾಯತ್ತೆ. ನಿಧಾನಕ್ಕೆ ಹೋದ್ರೆ ಬಿಸಿಲಿಗೆ ಹುಳಿ ಬರತ್ತೆ. ಅತ್ಲಾಗೆ ಹೋದ್ರೆ ಬಾವಿ, ಇತ್ಲಾಗೆ ಬಂದ್ರೆ ಕೆರೆ."

ಈ ದಾರಿ ಮೊದಲು ಅವರದಾಗಿರಲಿಲ್ಲ. ಹದಿನಾರು ವರ್ಷ ಹಿಟ್ಟು ಹೊತ್ತವರು ಪತಿ ವೆಂಕಟರಾಮಪ್ಪ. ಎರಡು ವರ್ಷದ ಹಿಂದಿನ ಏಪ್ರಿಲ್‌ನಲ್ಲಿ ಒಂದು ಮಧ್ಯಾಹ್ನ ಸಿಗ್ನಲ್ಲಿನಲ್ಲಿ ನಿಂತಿದ್ದಾಗ ಅವರಿಗೆ ಬಿಸಿಲು ಬಡಿಯಿತು. ಬೈಕಿಗೆ ಸ್ಟ್ಯಾಂಡ್ ಹಾಕಿ, ಇಳಿದು, ಫುಟ್‌ಪಾತಿನ ಮೇಲೆ ಕೂತವರಿಗೆ ತಾವಾಗಿ ಏಳಲು ಆಗಲಿಲ್ಲ. ಜನ ಆಸ್ಪತ್ರೆಗೆ ಸೇರಿಸಿದರು. ಆರು ದಿನ ಮಲಗಿದ್ದರು. ಈಗ ಕೈ ನಡುಗುತ್ತದೆ, ಬಿಸಿಲಿಗೆ ಹತ್ತು ನಿಮಿಷ ಹೋದರೆ ತಲೆ ತಿರುಗುತ್ತದೆ. "ಬೈಕ್ ಹತ್ತಿರ ಹೋದಾಗ ಕ್ಯಾನು ಮುಚ್ಚಿದ್ದು ಮುಚ್ಚಿದ ಹಾಗೇ ಇತ್ತು. ಒಂದು ಹನಿ ಚೆಲ್ಲಿರ್ಲಿಲ್ಲ. ಬೀಳೋ ಮನುಷ್ಯ ಸ್ಟ್ಯಾಂಡ್ ಹಾಕಿ ಬಿದ್ದಿದಾರೆ," ಎನ್ನುವಾಗ ಪ್ರೇಮಲತಾ ಅವರಿಗೆ ಗಂಡನ ಮೇಲೆ ಸಿಟ್ಟೋ ಅಭಿಮಾನವೋ ನನಗೆ ಗೊತ್ತಾಗಲಿಲ್ಲ. ಎರಡೂ ಇರಬೇಕು.

ಆಸ್ಪತ್ರೆಯಿಂದ ಬಂದ ವಾರಕ್ಕೇ ವೆಂಕಟರಾಮಪ್ಪ ಹೆಂಡತಿಗೆ ಬೈಕು ಕಲಿಸಿದರು. ಬೆಳಗಿನ ಖಾಲಿ ರಸ್ತೆಯಲ್ಲಿ, ಕ್ಯಾನುಗಳಿಗೆ ಕಂಠಮಟ್ಟ ನೀರು ತುಂಬಿ, ತಾವು ಹಿಂದೆ ಕೂತು. ನೀರು ಚೆಲ್ಲಿದರೆ ಫೇಲು. "ಹನ್ನೆರಡು ದಿನ ಫೇಲ್ ಮಾಡಿದ್ರು ಸಾರ್. ಸ್ಕೂಲಲ್ಲೂ ನಾನು ಇಷ್ಟು ಫೇಲ್ ಆಗಿಲ್ಲ." ಸ್ಕೂಟಿ ಯಾಕೆ ಕೊಳ್ಳಲಿಲ್ಲ ಎಂದರೆ ಕ್ಯಾನುಗಳನ್ನು ಹಿಂದಿನ ಚಕ್ರದ ಎರಡೂ ಬದಿಗೆ ಹಿಡಿಯುವ ಕಬ್ಬಿಣದ ಚೌಕಟ್ಟನ್ನು ತೋರಿಸುತ್ತಾರೆ. ಅದು ಕೂರುವುದು ಬೈಕಿಗೇ. ಜೊತೆಗೆ ದೊಡ್ಡ ಚಕ್ರಕ್ಕೆ ಹಂಪುಗಳು ಅಷ್ಟಾಗಿ ಬಡಿಯುವುದಿಲ್ಲ.

ಮೊದಲ ಬೇಸಿಗೆಯಲ್ಲಿ ಮಾಡಿದ ಎಡವಟ್ಟನ್ನು ತಾವೇ ಹೇಳಿಕೊಂಡು ನಗುತ್ತಾರೆ. ಹಿಟ್ಟು ಚೆಲ್ಲಬಾರದೆಂದು ಕ್ಯಾನಿನ ಮುಚ್ಚಳವನ್ನು ಬಿಗಿಯಾಗಿ ಒತ್ತಿಬಿಟ್ಟಿದ್ದರಂತೆ. ಹುದುಗು ಬರುವ ಹಿಟ್ಟಿಗೆ ಉಸಿರಾಡಲು ಸಂದು ಬೇಕು. ಸಿಗ್ನಲ್ಲಿನಲ್ಲಿ ಮುಚ್ಚಳ ಟಪ್ಪೆಂದು ಹಾರಿ, ಹಿಟ್ಟು ಉಕ್ಕಿ, ಕಾದ ಸೈಲೆನ್ಸರ್ ಮೇಲೆ ಸುರಿಯಿತು. "ಚುಂಯ್ ಅಂತು ಸಾರ್. ಒಳ್ಳೆ ದೋಸೆ ವಾಸನೆ. ಪಕ್ಕದ ಆಟೋದವನು, 'ಅಕ್ಕಾ, ಚಟ್ನಿ ಇದ್ಯಾ?' ಅಂದ. ನಂಗೆ ಅಳು ಬರ್ತಿತ್ತು, ಜೊತೆಗೆ ನಗೂನೂ ಬಂದ್ಬಿಡ್ತು." ಅಂದಿನಿಂದ ಮುಚ್ಚಳಕ್ಕೂ ಕ್ಯಾನಿಗೂ ನಡುವೆ ಒಂದು ಬಾಳೆ ನಾರು ಇಡುತ್ತಾರೆ, ಗಾಳಿಯಾಡುವಷ್ಟು ಮಾತ್ರ.

ಈ ವರ್ಷದ ಬೇಸಿಗೆ ನಗುವಂಥದ್ದಲ್ಲ. ಯುಗಾದಿಯಿಂದೀಚೆಗೆ ಎರಡು ಸಲ ಹಿಟ್ಟು ಹುಳಿಯಾಗಿ ತಲುಪಿದೆ. ಎರಡನೆಯ ಸಲ ಶೀನಣ್ಣ ನೇರವಾಗಿಯೇ ಹೇಳಿದ್ದಾರೆ: "ಪ್ರೇಮಮ್ಮ, ಗಿರಾಕಿಗಳು ವಾಪಸ್ ಹೋಗ್ತಾರೆ. ಇನ್ನೊಂದು ಸಲ ಹಿಂಗಾದ್ರೆ ನಾನು ಪ್ಯಾಕೆಟ್ ಹಿಟ್ಟಿನೋರನ್ನ ಕರೀಬೇಕಾಗತ್ತೆ. ಬೇಜಾರು ಮಾಡ್ಕೋಬೇಡಿ." ಪ್ಯಾಕೆಟ್ಟಿನವರದು ತಂಪು ಪೆಟ್ಟಿಗೆಯ ವ್ಯಾನು. ಆ ಹಟಮಾರಿ ಮನುಷ್ಯನೂ ಫ್ರಿಜ್ಜಿಗೆ ಮನಸ್ಸು ಮಾಡಿದ್ದಾರೆಂದರೆ ಬೇಸಿಗೆ ಹೇಗಿದೆ ಎಂದು ನೀವೇ ಊಹಿಸಿ. ಮೂವತ್ತೆರಡು ಮನೆಗಳ ಹಿಟ್ಟಿನಿಂದ ಕೋಣೆಯ ಬಾಡಿಗೆ ಹೋಗುತ್ತದೆ. ಅನ್ನ ಮತ್ತು ವೆಂಕಟರಾಮಪ್ಪನವರ ಔಷಧಿ ಬರುವುದು ಶೀನಣ್ಣನ ಕ್ಯಾನುಗಳಿಂದಲೇ. ಆ ಮೂರನೆಯ ಸಲ ಬರಬಾರದು. ಗಂಡಹೆಂಡತಿ ಇಬ್ಬರ ತಲೆಯಲ್ಲೂ ಈಗ ಇರುವುದು ಅದೊಂದೇ.

ಮಧ್ಯಾಹ್ನ ಒಂದು ಇಪ್ಪತ್ತು. ಬಿಸಿಲು ಮೂವತ್ತೇಳೂವರೆ ಡಿಗ್ರಿ ಎಂದು ನನ್ನ ಮೊಬೈಲು ಹೇಳುತ್ತಿದೆ. ವೆಂಕಟರಾಮಪ್ಪ ನೆಲದ ಮೇಲೆ ಕೂತು ಕ್ಯಾನಿಗೆ ಕಿವಿ ಹಚ್ಚಿದ್ದಾರೆ. ನನಗೂ ಹಚ್ಚಲು ಹೇಳುತ್ತಾರೆ. ಒಳಗೆ ಪುಟಪುಟನೆ ಗುಳ್ಳೆ ಒಡೆಯುವ ಸಣ್ಣ ಸದ್ದು. "ಹಿಟ್ಟು ಮಾತಾಡ್ತದೆ ಸ್ವಾಮಿ. ಈಗ ನಿಧಾನಕ್ಕೆ ಮಾತಾಡ್ತಾ ಇದೆ. ಒಂದೂವರೆಗೆ ಹೊರಟ್ರೆ ಎರಡೂವರೆಗೆ ಸರಿಹೋಗ್ತದೆ," ಎನ್ನುತ್ತಾರೆ. ಹೆಂಡತಿಗೆ ಗೋಣಿಚೀಲ ಸುತ್ತಿಕೊಡುತ್ತಾರೆ. ಎರಡು ಕ್ಯಾನಿಗೂ ಒದ್ದೆ ಗೋಣಿ, ಮುಂದೆ ಹ್ಯಾಂಡಲ್ಲಿಗೆ ಐದು ಲೀಟರಿನ ನೀರಿನ ಕ್ಯಾನು. ದಾರಿಯಲ್ಲಿ ಎರಡು ಕಡೆ ನಿಲ್ಲಿಸಿ ಗೋಣಿಗೆ ನೀರು ಹನಿಸಬೇಕು. ಗೋಣಿ ಒಣಗಿದರೆ ಕ್ಯಾನು ಕಾಯುತ್ತದೆ, ಕ್ಯಾನು ಕಾದರೆ ಕಥೆ ಮುಗಿಯಿತು.

ಪ್ರೇಮಲತಾ ಚೂಡಿದಾರದ ಮೇಲೆ ಗಂಡನ ತುಂಬುತೋಳಿನ ಶರ್ಟು ತೊಟ್ಟು, ಹೆಲ್ಮೆಟ್ಟಿನೊಳಗೆ ಒದ್ದೆ ಕರ್ಚೀಫು ಇಟ್ಟುಕೊಂಡು, ಸೀಟಿನ ಮೇಲೆ ಒದ್ದೆ ಟವೆಲು ಹಾಸುತ್ತಾರೆ. ಹಿಂದೆ ಕೂರುವ ನನ್ನನ್ನು ಮೇಲಿನಿಂದ ಕೆಳಗೆ ನೋಡುತ್ತಾರೆ. ನಾನು ಎಂಬತ್ತು ಕಿಲೋ. "ಕೂತ್ಕೊಳಿ ಸಾರ್. ಹಿಟ್ಟಿನ ಕ್ಯಾನ್ ಥರ ಕೂತ್ಕೊಳಿ. ಅಲ್ಲಾಡ್ಬೇಡಿ, ಅಷ್ಟೇ."

ಮೈಸೂರು ರಸ್ತೆ ದಾಟಿ ಬಿನ್ನಿಮಿಲ್ ರಸ್ತೆ ಹಿಡಿಯುವಷ್ಟರಲ್ಲಿ ನನಗೊಂದು ವಿಷಯ ಅರ್ಥವಾಗುತ್ತದೆ. ಇವರು ರಸ್ತೆ ನೋಡಿ ಓಡಿಸುವುದಿಲ್ಲ, ನೆರಳು ನೋಡಿ ಓಡಿಸುತ್ತಾರೆ. ಈ ಹೊತ್ತಿಗೆ ಯಾವ ಗೋಡೆಯ ನೆರಳು ಎಷ್ಟು ಅಗಲ, ಯಾವ ಮಳೆಮರದ ಕೊಂಬೆ ರಸ್ತೆಯ ಯಾವ ಬದಿಗೆ ಚಾಚಿದೆ, ಯಾವ ಸೇತುವೆಯ ಕೆಳಗೆ ಅರ್ಧ ನಿಮಿಷ ಹೆಚ್ಚು ತೆವಳಬಹುದು, ಎಲ್ಲವೂ ಬಾಯಿಪಾಠ. ಒಂದು ಕಡೆ ಬೇಕೆಂದೇ ಸುತ್ತುಬಳಸಿ ಹೋಗುತ್ತಾರೆ. "ನೇರ ಹೋದ್ರೆ ನಾಲ್ಕು ನಿಮಿಷ ಉಳಿಯತ್ತೆ. ಆದ್ರೆ ಆ ಕಡೆ ಇದ್ದ ಮೂರು ಮರ ಹೋದ ವರ್ಷ ಹೋದ್ವು." ಡಾಂಬರಿನಿಂದ ಮೇಲೆದ್ದ ಬಿಸಿ ಪ್ಯಾಂಟಿನೊಳಗೆ ನುಗ್ಗುತ್ತಿದೆ. ಬಸ್ಸು ಪಕ್ಕದಲ್ಲಿ ಹೋದರೆ ಒಲೆಯ ಬಾಗಿಲು ತೆರೆದಂತಾಗುತ್ತದೆ. ಮಳೆಮರವೊಂದರ ಕೆಳಗೆ ನಿಲ್ಲಿಸಿ ಮೊದಲ ಸಲ ಗೋಣಿ ನೆನೆಸುತ್ತಾರೆ. ನೀರು ಅರ್ಧ ಉಳಿಯುತ್ತದೆ.

ಮುಂದೆ ಸಿಗ್ನಲ್. ಕೆಂಪು. ಲೆಕ್ಕದ ಹಲಗೆಯಲ್ಲಿ ನೂರ ನಲವತ್ತು ಸೆಕೆಂಡು. ನಿಲ್ಲಬೇಕಾದ ಬಿಳಿ ಗೆರೆ ಇನ್ನೂ ಅರವತ್ತು ಅಡಿ ಮುಂದಿದೆ. ಪ್ರೇಮಲತಾ ಮಾತ್ರ ಹಿಂದೆಯೇ, ಒಂದು ಹೊಂಗೆ ಮರದ ಕೆಳಗೆ ಬ್ರೇಕು ಹಾಕುತ್ತಾರೆ. ಅಲ್ಲಿ ಆಗಲೇ ಎಂಟು ಹತ್ತು ಬೈಕುಗಳು ಸೇರಿವೆ. ಊಟ ತಲುಪಿಸುವ ಹುಡುಗರು, ಸಿಲಿಂಡರಿನವರು, ಬಳೇಪೇಟೆಯ ಕಡೆಯಿಂದ ಬಂಡಲು ಹೊತ್ತವರು. ಮುಂದೆ ರಸ್ತೆ ಖಾಲಿ, ಬಿಸಿಲು ಸುರಿಯುತ್ತಿದೆ. ಯಾರೂ ಯಾರೊಂದಿಗೂ ಮಾತಾಡಿಲ್ಲ, ಆದರೂ ಒಬ್ಬರಿಗೊಬ್ಬರು ಜಾಗ ಬಿಟ್ಟು ಹೊಂಗೆಯ ನೆರಳನ್ನು ಹಂಚಿಕೊಂಡಿದ್ದಾರೆ. ಬೆಂಗಳೂರಿನ ಬೇಸಿಗೆಯಲ್ಲಿ ಬೈಕಿನವರ ಪದ್ಧತಿ ಇದು.

ಹಿಂದಿನಿಂದ ಒಂದು ಕಾರು ಬಂದು ಹಾರನ್ ಹೊಡೆಯುತ್ತದೆ. ಒಮ್ಮೆ ಅಲ್ಲ, ಬಿಡದೆ. ಕಾರಿನ ಗಾಜು ಏರಿಸಿದೆ. ಮುಂದೆ ಜಾಗವಿದೆಯಲ್ಲ, ಯಾಕೆ ನಿಂತಿದ್ದೀರಿ ಎಂಬುದು ಅದರ ಪ್ರಶ್ನೆ. ಬೈಕುಗಳು ಒಂದೊಂದಾಗಿ ನೆರಳು ಬಿಟ್ಟು ಮುಂದೆ ಸರಿಯುತ್ತವೆ. ನಾವೂ ಸರಿಯುತ್ತೇವೆ. ಕಾರೂ ಬಂದು ನಮ್ಮ ಪಕ್ಕದಲ್ಲೇ ನಿಲ್ಲುತ್ತದೆ. ಇನ್ನೂ ನೂರಾ ಹದಿನೆಂಟು ಸೆಕೆಂಡು ಇವೆ. "ಹೋಗ್ಲಿ ಬಿಡಿ ಸಾರ್," ಎನ್ನುತ್ತಾರೆ ಪ್ರೇಮಲತಾ, "ಅವ್ರಿಗೇನ್ ಅರ್ಜೆಂಟೋ."

ಹಸಿರು ದೀಪ ಬಂದದ್ದು ನೆನಪಿದೆ. ಆಮೇಲೆ ಕಿವಿಯಲ್ಲಿ ಗುಂಯ್ ಎಂಬ ಸದ್ದು, ಕಣ್ಣ ಮುಂದೆ ಕಪ್ಪು. "ಪ್ರೇಮಮ್ಮ, ಒಂದ್ನಿಮಿಷ..." ಎಂದೆನೋ ಏನೋ. ಅವರು ಕನ್ನಡಿಯಲ್ಲಿ ನನ್ನ ಮುಖ ನೋಡಿ ಕಾಂಪೌಂಡೊಂದರ ನೆರಳಿಗೆ ಗಾಡಿ ತಂದು ನಿಲ್ಲಿಸುತ್ತಾರೆ. ನನ್ನನ್ನು ಇಳಿಸಿ, ಗೋಡೆಗೆ ಒರಗಿಸಿ, ಶೂ ಬಿಚ್ಚಿಸಿ, ಮುಂದಿದ್ದ ಐದು ಲೀಟರಿನ ಕ್ಯಾನು ಎತ್ತಿ ತಲೆಯ ಮೇಲೆ, ಕತ್ತಿನ ಹಿಂದೆ, ಎದೆಯ ಮೇಲೆ ನೀರು ಸುರಿಯುತ್ತಾರೆ. ಕ್ಯಾನು ಖಾಲಿಯಾಗುವವರೆಗೂ ಸುರಿಯುತ್ತಾರೆ. ಚೂಡಾಮಣಿ ಟೀಚರ ಮಜ್ಜಿಗೆಯನ್ನೂ ನನ್ನ ಬಾಯಿಗೇ ಹಿಡಿಯುತ್ತಾರೆ.

ಕಣ್ಣು ತಿಳಿಯಾದಾಗ ಮೊದಲು ಕಂಡದ್ದು ಗೋಣಿಚೀಲ. ಒಣಗಿ ಬೆಳ್ಳಗಾಗಿದೆ.

"ನೀವು ಹೋಗ್ಬಿಡಿ. ಹಿಟ್ಟು ಹಾಳಾಗತ್ತೆ. ನಾನು ಆಟೋದಲ್ಲಿ ಬರ್ತೀನಿ," ಎನ್ನುತ್ತೇನೆ.

"ಸುಮ್ನೆ ಕೂತ್ಕೊಳಿ ಸಾರ್," ಎಂದು ನಿಜವಾಗಿ ರೇಗುತ್ತಾರೆ. "ಇನ್ನೊಬ್ರನ್ನ ಹಿಂಗೆ ಫುಟ್‌ಪಾತಲ್ಲಿ ಕೂರ್ಸಿ ಹೋಗಕ್ಕಾಗಲ್ಲ ನನ್ ಕೈಲಿ."

ಆಮೇಲೆ ಇಪ್ಪತ್ತು ನಿಮಿಷ ಇಬ್ಬರೂ ಅಲ್ಲೇ ಕೂತಿರುತ್ತೇವೆ. ಒಮ್ಮೆ ಅವರು ಎದ್ದು ಹೋಗಿ ಕ್ಯಾನಿಗೆ ಕಿವಿ ಹಚ್ಚಿ ಬರುತ್ತಾರೆ. ಒಳಗೆ ಹಿಟ್ಟು ಹೇಗೆ ಮಾತಾಡುತ್ತಿದೆ ಎಂದು ನಾನು ಕೇಳುವುದಿಲ್ಲ. ಕೇಳುವ ಧೈರ್ಯವಿಲ್ಲ. ಎಲೆಮರೆಯ ಕಾಯಿಯ ಬಗ್ಗೆ ಬರೆಯಲು ಹೋಗಿ ಆ ಕಾಯಿಯನ್ನೇ ಉದುರಿಸಿದೆನಲ್ಲ ಎಂದುಕೊಂಡು ಶೂ ಹಾಕಿಕೊಳ್ಳುತ್ತೇನೆ.

ಶೀನಣ್ಣನ ಹೋಟೆಲು ತಲುಪಿದಾಗ ಮೂರು ಗಂಟೆಗೆ ಐದು ನಿಮಿಷ ಬಾಕಿ. ಶೀನಣ್ಣ ಬಾಗಿಲಲ್ಲೇ ನಿಂತಿದ್ದಾರೆ. ಮುಚ್ಚಳಕ್ಕೆ ಕೈ ಹಾಕುತ್ತಾರೆ. ಆದರೆ ಅವರು ತೆರೆಯುವ ಮುಂಚೆಯೇ ಪ್ರೇಮಲತಾ ಹೇಳುತ್ತಾರೆ: "ಶೀನಣ್ಣ, ಇವತ್ತು ಇಡ್ಲಿಗೆ ಹಾಕ್ಬೇಡಿ. ಹದ ದಾಟಿದೆ. ಈರುಳ್ಳಿ ದೋಸೆಗೆ ಆಗತ್ತೆ, ಪಡ್ಡಿಗೂ ಆಗತ್ತೆ. ಇಡ್ಲಿಗೆ ಬೇಡ."

ಸುಮ್ಮನಿದ್ದರೆ ಒಂದು ವೇಳೆ ಗೊತ್ತಾಗದೆ ಹೋಗುತ್ತಿತ್ತೇನೋ ಎಂದು ನನಗನಿಸುತ್ತದೆ. ಶೀನಣ್ಣ ಕಿರುಬೆರಳು ಅದ್ದಿ ನಾಲಿಗೆಗೆ ಹಚ್ಚುತ್ತಾರೆ. ಮುಖ ಕಿವುಚುವುದಿಲ್ಲ, ಅರಳಿಸುವುದೂ ಇಲ್ಲ.

"ಮೂರನೇ ಸಲ ಇದು, ಪ್ರೇಮಮ್ಮ."

"ಹೂಂ, ಗೊತ್ತು."

ಇಲ್ಲಿ ನಾನು ಬಾಯಿ ಹಾಕುತ್ತೇನೆ. ಪ್ರೇಮಲತಾ ಕಣ್ಣಲ್ಲೇ ತಡೆದರೂ ಕೇಳದೆ ಎಲ್ಲ ಹೇಳುತ್ತೇನೆ. ಹಾರನ್ನು, ಬಿಸಿಲು, ನನ್ನ ಎಂಬತ್ತು ಕಿಲೋ, ನನ್ನ ತಲೆಗೆ ಹೋದ ಗೋಣಿಯ ನೀರು. ಶೀನಣ್ಣ ನನ್ನ ಒದ್ದೆ ಅಂಗಿಯನ್ನು ನೋಡುತ್ತಾರೆ, ಒಣಗಿದ ಗೋಣಿಯನ್ನು ನೋಡುತ್ತಾರೆ, ಆಮೇಲೆ ಒಳಗೆ ಹೋಗಿ ಸೀಮೆಸುಣ್ಣ ತಂದು ಹಲಗೆಯ ಮೇಲಿನ 'ಇಡ್ಲಿ' ಒರೆಸಿ 'ಪಡ್ಡು' ಎಂದು ಬರೆಯುತ್ತಾರೆ.

"ಹುಳಿ ಬಂದಿದೆ ಅಂತ ಪ್ಯಾಕೆಟ್ಟು ಬಾಯಿ ಬಿಟ್ಟು ಹೇಳಲ್ಲ," ಎಂದು ಹಲಗೆಗೆ ಹೇಳಿದಂತೆ ಹೇಳುತ್ತಾರೆ. "ನಾಳೆ ಎರಡೂವರೆಗೆ ಬಾಮ್ಮ. ಪೇಪರ್‌ನೋರನ್ನ ಮಾತ್ರ ಕರ್ಕೊಂಡ್ ಬರ್ಬೇಡ." ಆಮೇಲೆ ನನ್ನತ್ತ ತಿರುಗಿ, "ಮೊದಲನೇ ಪ್ಲೇಟ್ ಪಡ್ಡು ನಿಮಗೇ ಸ್ವಾಮಿ. ಹುಳಿ ಇದೆ ಅಂತ ತಕರಾರು ತೆಗೆದ್ರೆ ನೋಡಿ ಮತ್ತೆ," ಎನ್ನುತ್ತಾರೆ.

ತಕರಾರು ತೆಗೆಯುವುದಿಲ್ಲ. ಎರಡು ಪ್ಲೇಟು ತಿನ್ನುತ್ತೇನೆ. ಸ್ವಲ್ಪ ಹುಳಿ ಇದ್ದದ್ದು ನಿಜ.

ಖಾಲಿ ಕ್ಯಾನು ಕಟ್ಟುತ್ತಿರುವ ಪ್ರೇಮಲತಾ ಅವರನ್ನು ಕೇಳುತ್ತೇನೆ, ಯಾಕೆ ಮೊದಲೇ ಹೇಳಿಬಿಟ್ಟಿರಿ ಎಂದು. "ನಾನ್ ತಂದ ಹಿಟ್ಟಿನ ತಪ್ಪು ನನ್ ಬಾಯಿಂದ ಬರ್ಬೇಕು ಸಾರ್. ತಿನ್ನೋರ ಬಾಯಿಂದ ಬರ್ಬಾರ್ದು," ಎಂದು ಗಂಟು ಬಿಗಿಯುತ್ತಾರೆ. ಅದನ್ನು ದೊಡ್ಡ ಮಾತೆಂದು ಅವರು ಹೇಳಿದ್ದಲ್ಲ, ನಾನು ಕೇಳಿದೆನೆಂದು ಹೇಳಿದ್ದು. ಮನೆಗೆ ಫೋನು ಮಾಡಿ, "ಆಯ್ತು ರೀ, ನಾಳೆ ಬಾ ಅಂದ್ರು," ಎಂದಷ್ಟೇ ಗಂಡನಿಗೆ ತಿಳಿಸುತ್ತಾರೆ. ಫೋನಿಟ್ಟು ಇವರು ಸೆರಗಿಲ್ಲದ ಚೂಡಿದಾರದಲ್ಲಿ ಸೆರಗು ಹುಡುಕಿ, ಕೊನೆಗೆ ಗಂಡನ ಶರ್ಟಿನ ತೋಳಿನಲ್ಲೇ ಕಣ್ಣೊರೆಸಿಕೊಳ್ಳುತ್ತಾರೆ.

ಏನಾದರೂ ಆಸೆಯಿದೆಯೇ ಎಂದು ಕೊನೆಯಲ್ಲಿ ಕೇಳುವುದು ನಮ್ಮ ಕಸುಬಿನವರ ಚಟ. ತಂಪು ಪೆಟ್ಟಿಗೆಯೋ, ಹೊಸ ಗಾಡಿಯೋ ಕೇಳುತ್ತಾರೆಂದು ಪೆನ್ನು ಹಿಡಿದಿದ್ದೇನೆ. ಅವರು ಹೆಲ್ಮೆಟ್ಟು ಹಾಕಿಕೊಳ್ಳುತ್ತಾ ಸ್ವಲ್ಪ ಯೋಚಿಸುತ್ತಾರೆ.

"ಪೇಪರಲ್ಲಿ ಹಾಕ್ತೀರಾ ಅಂದ್ರೆ ಒಂದ್ ಹಾಕಿ ಸಾರ್. ಸಿಗ್ನಲ್ಲಲ್ಲಿ ನಾವು ಹಿಂದೆ ಮರದ ಕೆಳಗೆ ನಿಂತಿರ್ತೀವಲ್ಲ, ಆಗ ಹಾರನ್ ಹೊಡೀಬೇಡಿ ಅಂತ ಹಾಕಿ. ಹಸಿರು ಬಿದ್ರೆ ನಾವೇ ಹೋಗ್ತೀವಿ. ಎರಡು ನಿಮಿಷ ನೆರಳು, ಅಷ್ಟೇ."

ಹಾಕುತ್ತೇನೆ ಎಂದು ಮಾತು ಕೊಡುತ್ತೇನೆ. ಬೈಕು ಹೊರಟು, ರಸ್ತೆಯ ಎಡಬದಿಯ ನೆರಳು ಹಿಡಿದು ತಿರುವಿನಲ್ಲಿ ಮರೆಯಾಗುತ್ತದೆ. ನನ್ನದು ಬಿಳಿ ಕಾರು, ಎಸಿ ಚೆನ್ನಾಗಿದೆ, ಇಷ್ಟು ವರ್ಷ ಆ ಮರಗಳ ಕೆಳಗೆ ನಿಂತವರ ಬೆನ್ನಿಗೆ ನಾನೂ ಹಾರನ್ ಹೊಡೆದುಕೊಂಡೇ ಬಂದಿದ್ದೇನೆ. ಅವರೆದುರು ಅದನ್ನು ಹೇಳಲು ಬಾಯಿ ಬರಲಿಲ್ಲ. ಇಲ್ಲಿ ಹೇಳುತ್ತಿದ್ದೇನೆ.